ಕೆಳಗೆ ಉಳಿದ ಸಾಲು: ನಂಬಿ ಕಳಿಸಿದ ಇಮೇಲನ್ನು ವರದಿಗಾರರು ಕಾಯುವುದು ಹೇಗೆ

2018ರ ಡಿಸೆಂಬರ್. ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಒಬ್ಬರು ನನ್ನ ಎದುರು ಕೂತು ಫೋನನ್ನು ನನ್ನ ಕಡೆ ತಳ್ಳಿದರು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ಕುಂದಾಪುರದ ಕಡೆಯವರು. ಅವರು ಕೊಟ್ಟ ಮಾಹಿತಿ ಹಿಡಿದು ನಾನು ಬರೆದ ವರದಿ ಅಚ್ಚಾಗಿ ಐದು ದಿನ ಆಗಿತ್ತು. ಫೋನಿನಲ್ಲಿ ಇದ್ದದ್ದು ಅವರದೇ ಮೇಲ್, ನನಗೆ ಬರೆದದ್ದು. ಅದು ಈಗ ಅವರ ಮೇಲಧಿಕಾರಿಯಿಂದ ಅವರಿಗೇ ವಾಪಸ್ ಬಂದಿತ್ತು.

ಆದದ್ದು ಇಷ್ಟು. ನಾನು ಆ ಮೇಲನ್ನು ಪತ್ರಿಕೆಯ ಸಂಪಾದಕೀಯ ಡೆಸ್ಕಿಗೆ ಫಾರ್ವರ್ಡ್ ಮಾಡಿದ್ದೆ. ಡೆಸ್ಕಿನವರು ಅದರ ತಲೆಯ ಮೇಲೆಯೇ ನಾಲ್ಕು ಸಾಲು ಬರೆದು, ಪ್ರತಿಕ್ರಿಯೆ ಕೇಳಿ ಆ ಕಚೇರಿಗೆ ಕಳಿಸಿದ್ದರು. ಬೆರಳಿನಿಂದ ಸ್ವಲ್ಪ ಕೆಳಗೆ ಎಳೆದರೆ ಹಳೆಯ ಮೇಲ್ ಇಡೀ ಇತ್ತು. ಅವರ ವಿಳಾಸ, ಕಳಿಸಿದ ಸಮಯ, ಕೊನೆಯಲ್ಲಿ "ನನ್ನ ಹೆಸರು ಎಲ್ಲೂ ಬರಬಾರದು" ಎಂಬ ಸಾಲು.

"ನೀವು ಪೇಪರಲ್ಲಿ ಹೆಸರು ಹಾಕ್ಲಿಲ್ಲ ಮಾರಾಯ್ರೆ, ಅದು ಸರಿ. ಕೆಳಗೆ ಇತ್ತಲ್ಲ," ಎಂದರು. ಬೈಯಲಿಲ್ಲ. ಎರಡು ತಿಂಗಳಲ್ಲಿ ಅವರಿಗೆ ಪಾಲ್ಘರ್‌ಗೆ ವರ್ಗವಾಯಿತು. ಮನೆ ಡೊಂಬಿವಲಿಯಲ್ಲಿ. ಬೆಳಿಗ್ಗೆ ಐದಕ್ಕೆ ಹೊರಟು ದಾದರಿನಲ್ಲಿ ರೈಲು ಬದಲಿಸಬೇಕಿತ್ತು.

ಅದೇ ತಿಂಗಳ 20ನೇ ತಾರೀಕು ಕೇಂದ್ರ ಗೃಹ ಸಚಿವಾಲಯದ ಒಂದು ಆದೇಶ ಹೊರಬಿದ್ದಿತ್ತು. ಯಾವ ಕಂಪ್ಯೂಟರಿನ ಮಾಹಿತಿಯನ್ನಾದರೂ ತಡೆದು ನೋಡಲು 10 ಸಂಸ್ಥೆಗಳಿಗೆ ಅಧಿಕಾರ ಕೊಟ್ಟ ಆದೇಶ. ಅದನ್ನು ಖಂಡಿಸಿ ನಾನು ಉದ್ದದ ಲೇಖನ ಬರೆದೆ. ಜನರ ಖಾಸಗಿತನ, ಪತ್ರಕರ್ತರ ಮೂಲಗಳು (ಗುಟ್ಟಾಗಿ ಸುದ್ದಿ ಕೊಡುವವರು) ಅಂತೆಲ್ಲ. ಬರೆದದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಗುಮಾಸ್ತರ ಮೇಲ್ ಓದಲು ಸರ್ಕಾರಕ್ಕೆ ಯಾವ ಆದೇಶವೂ ಬೇಕಾಗಿರಲಿಲ್ಲ. ನಾನೇ ತಲುಪಿಸಿದ್ದೆ.

ಆಮೇಲೆ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮುಂಬಯಿ, ಪುಣೆ, ಗೋವಾದಲ್ಲಿ ಕನ್ನಡ ಪತ್ರಿಕೆಗಳಿಗೆ ಬರೆಯುವವರು, ಸಂಘದ ಮಾಸಿಕ ನಡೆಸುವವರು, ಊರಿನ ಪೇಪರಿಗೆ ಇಲ್ಲಿಂದ ಸುದ್ದಿ ಕಳಿಸುವವರು, ನಮ್ಮಂಥವರ ಹಿಂದೆ ವಕೀಲರ ಪಡೆ ಇರುವುದಿಲ್ಲ. ಕರೆಂಟ್ ಬಿಲ್ಲು ಬರುವ ಜಿಮೇಲಿಗೇ ಗುಟ್ಟಿನ ದಾಖಲೆಯೂ ಬರುತ್ತದೆ. ಅಂಥವರಿಗಾಗಿ ಇದು.

ಮೊದಲು, ಮೇಲ್ ಎಂದರೇನು ಅಂತ ತಿಳಿದುಕೊಳ್ಳಿ

ಮುಂಬಯಿಯ ಜಿಪಿಒ ಎದುರು ಪತ್ರ ಬರೆದುಕೊಡುವವರು ಕೂರುತ್ತಿದ್ದರು. ಊರು ಬಿಟ್ಟು ಬಂದವರು ಹೇಳುತ್ತಿದ್ದರು, ಅವರು ಬರೆಯುತ್ತಿದ್ದರು. ಸಾಲ, ಕಾಯಿಲೆ, ಗಂಡ ಹೆಂಡಿರ ಜಗಳ ಎಲ್ಲ ಅವರ ಕಿವಿಯ ಮೇಲೆ ಬೀಳುತ್ತಿತ್ತು. ಅಲ್ಲೇ ಉಳಿಯುತ್ತಿತ್ತು. ಅದಕ್ಕೇ ಜನ ಅವರ ಹತ್ತಿರ ಹೋಗುತ್ತಿದ್ದರು. ವರದಿಗಾರನ ಕೆಲಸವೂ ಅಷ್ಟೇ ನಂಬಿಕೆಯದು.

ಮೇಲನ್ನು ನಾವು ಅಂಟಿಸಿದ ಇನ್‌ಲ್ಯಾಂಡ್ ಲೆಟರ್ ಅಂದುಕೊಳ್ಳುತ್ತೇವೆ. ದಾರಿಯಲ್ಲಿ ಅದು ಹೆಚ್ಚಾಗಿ ಬೀಗದೊಳಗೇ ಹೋಗುತ್ತದೆ, ನಿಜ. ಆದರೆ ಮೇಲ್ ಕಂಪನಿಯ ಸರ್ವರಿನಲ್ಲಿ ಬೀಗ ತೆಗೆದು ಓದಬಹುದಾದ ರೂಪದಲ್ಲೇ ಇರುತ್ತದೆ. ಕೀ ಕಂಪನಿಯ ಕೈಯಲ್ಲಿ. ಆಫೀಸಿನ ಮೇಲ್ ಆದರೆ ಆಫೀಸಿನ ಅಡ್ಮಿನ್ ಕೈಯಲ್ಲೂ. ಪಿಜಿಪಿ ಥರದ ಗೂಢಲಿಪಿ ಬಳಸಿದರೂ ಒಳಗಿನ ಮಾತು ಮಾತ್ರ ಮುಚ್ಚುತ್ತದೆ. ಯಾರು ಯಾರಿಗೆ ಎಷ್ಟು ಗಂಟೆಗೆ ಬರೆದರು ಎಂಬುದು ಹೊರಗೇ ಇರುತ್ತದೆ, ಸಾಮಾನ್ಯವಾಗಿ ವಿಷಯದ ಸಾಲು ಕೂಡ. ಮೂಲವನ್ನು ಹಿಡಿಯಲು ಅಷ್ಟೇ ಸಾಕು.

ಪ್ರೋಟಾನ್‌ನಂಥ ಗೂಢಲಿಪಿಯ ಮೇಲ್ ಸೇವೆ ಬಳಸಿದರೆ ಒಳಗಿನ ಮಾತಿಗೆ ರಕ್ಷಣೆ ಜಾಸ್ತಿ, ಬಳಸಿ. ಆದರೆ 2021ರಲ್ಲಿ ಸ್ವಿಟ್ಜರ್ಲೆಂಡಿನ ಅಧಿಕಾರಿಗಳ ಆದೇಶ ಬಂದಾಗ ಅದೇ ಕಂಪನಿ ಫ್ರಾನ್ಸಿನ ಒಬ್ಬ ಪರಿಸರ ಹೋರಾಟಗಾರರ ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಗುರುತು ಸಂಖ್ಯೆ) ಕೊಡಬೇಕಾಯಿತು. ಕಾನೂನಿಗೆ ತಲೆಬಾಗದ ಮೇಲ್ ಕಂಪನಿ ಯಾವುದೂ ಇಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಸರ್ಕಾರ ಮೇಲ್ ತಡೆದು ಓದಬಹುದು. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳ ಜೊತೆ 'ಯಾವುದೇ ಅಪರಾಧದ ತನಿಖೆ' ಎಂಬ ಅಗಲವಾದ ಬಾಗಿಲೂ ಅಲ್ಲಿದೆ. 2009ರ ನಿಯಮಗಳ ಪ್ರಕಾರ ಆದೇಶ ಕೊಡುವವರು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ಒಂದು ಆದೇಶ 60 ದಿನ ನಡೆಯುತ್ತದೆ, ಮುಂದುವರಿಸಿದರೆ ಒಟ್ಟು 180 ದಿನದವರೆಗೆ. ಪರಿಶೀಲನೆಗೆ ಸಮಿತಿ ಇದೆ, ಅದರಲ್ಲೂ ಅಧಿಕಾರಿಗಳೇ. ನ್ಯಾಯಾಧೀಶರ ಅನುಮತಿ ಬೇಕಿಲ್ಲ. ಯಾರ ಮೇಲ್ ಓದುತ್ತಾರೋ ಅವರಿಗೆ ಗೊತ್ತಾಗುವುದೂ ಇಲ್ಲ.

ಇನ್ನೊಂದು ಕಡೆಯ ತೂಕವೂ ಇದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎರಡು ವರ್ಷದ ನಂತರ, 2019ರ ಅಕ್ಟೋಬರಿನಲ್ಲಿ, ನಮ್ಮ ಬಾಂಬೆ ಹೈಕೋರ್ಟು ಲಂಚದ ಕೇಸೊಂದರಲ್ಲಿ ಆ ತೀರ್ಪನ್ನು ಕೈಗೆತ್ತಿಕೊಂಡಿತು. ಒಬ್ಬ ಉದ್ಯಮಿಯ ಫೋನ್ ಕದ್ದಾಲಿಸಲು ಕೊಟ್ಟಿದ್ದ ಮೂರು ಆದೇಶಗಳನ್ನು ರದ್ದು ಮಾಡಿ, ರೆಕಾರ್ಡಿಂಗ್ ನಾಶ ಮಾಡಿ ಎಂದಿತು. ಸರ್ಕಾರದ ಕದ್ದಾಲಿಕೆ ಬಗ್ಗೆ ಬರೆಯುವವರು ಈ ತೀರ್ಪನ್ನು ಒಮ್ಮೆ ಪೂರ್ತಿ ಓದಲೇಬೇಕು.

ಕೊಡಲಾಗದ ಭಾಷೆ ಕೊಡಬೇಡಿ

"ಪ್ರಾಣ ಹೋದರೂ ನಿಮ್ಮ ಹೆಸರು ಹೇಳುವುದಿಲ್ಲ" ಅಂತ ಸುಮ್ನೆ ಹೇಳಿಬಿಡುತ್ತೇವೆ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಸುದ್ದಿಯ ಮೂಲ ಹೇಳು ಅಂತ ಪತ್ರಕರ್ತನನ್ನು ಒತ್ತಾಯಿಸುವಂತಿಲ್ಲ. ಆದರೆ ಆ ರಕ್ಷಣೆ ಕೌನ್ಸಿಲ್ ಮುಂದಿನ ವಿಚಾರಣೆಗೆ ಮಾತ್ರ. ಪೊಲೀಸ್ ಠಾಣೆ, ಕೋರ್ಟುಗಳಲ್ಲಿ ಅದು ನಡೆಯುವುದಿಲ್ಲ. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ವಕೀಲರಿಗೆ ಇರುವಂಥ ರಕ್ಷಣೆ ಪತ್ರಕರ್ತರಿಗೆ ಇಲ್ಲ. ಫೋನಿನೊಳಗೆ ನುಗ್ಗುವ ಪೆಗಾಸಸ್ ಎಂಬ ಗೂಢಚಾರಿ ಸಾಫ್ಟ್‌ವೇರಿನ ಕೇಸಿನಲ್ಲಿ ಸುಪ್ರೀಂ ಕೋರ್ಟು 2021ರ ಅಕ್ಟೋಬರ್ 27ರಂದು, ಮೂಲಗಳ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯಕ್ಕೆ ಬೇಕಾದ ಮೂಲಭೂತ ಷರತ್ತು ಎಂದಿದೆ. ದೊಡ್ಡ ಮಾತು. ಠಾಣೆಯಲ್ಲಿ ಒಬ್ಬರೇ ಕೂತಾಗ ಅದರ ಬಲ ಎಷ್ಟು ಎಂಬುದು ನಿಮ್ಮ ವಕೀಲರ ಮೇಲಿದೆ.

ಮಾಹಿತಿ ಕೊಡುವವರಿಗೂ ಆಸರೆ ಕಡಿಮೆ. ಭ್ರಷ್ಟಾಚಾರ ಬಯಲು ಮಾಡುವವರ ರಕ್ಷಣೆಗೆ ಅಂತ ಸಂಸತ್ತು 2014ರಲ್ಲಿ ಮಾಡಿದ ಕಾಯ್ದೆ ಜಾರಿಗೇ ಬಂದಿಲ್ಲ. ಪುಣೆ ಹತ್ತಿರದ ತಳೇಗಾಂವ್‌ನಲ್ಲಿ ಭೂ ಹಗರಣಗಳನ್ನು ಹೊರಗೆಳೆದ ಆರ್‌ಟಿಐ ಕಾರ್ಯಕರ್ತ ಸತೀಶ್ ಶೆಟ್ಟಿ 2010ರ ಜನವರಿ 13ರ ಬೆಳಿಗ್ಗೆ ಕೊಲೆಯಾದರು. ಅವರು ಹೆಸರು ಮುಚ್ಚಿಡದೆ ಕೆಲಸ ಮಾಡಿದವರು. ನಮ್ಮ ಹತ್ತಿರ ಹೆಸರು ಮುಚ್ಚಿಡಿ ಅನ್ನುವವರು ಯಾಕೆ ಹೆದರುತ್ತಾರೆ ಎಂಬುದಕ್ಕೆ ಬೇರೆ ವಿವರಣೆ ಬೇಕಾ?

ಹಾಗಾಗಿ ಮೊದಲ ಭೇಟಿಯಲ್ಲೇ ನಾನು ಹೀಗೆ ಹೇಳುತ್ತೇನೆ: "ನಿಮ್ಮ ಹೆಸರು ನಾನು ಬರೆಯುವುದಿಲ್ಲ, ಸಂಪಾದಕರಿಗೂ ನೀವು ಒಪ್ಪಿದರೆ ಮಾತ್ರ ಹೇಳುತ್ತೇನೆ. ಕೋರ್ಟು ಕೇಳಿದರೆ ವಾದ ಮಾಡುತ್ತೇನೆ. ಅದರಾಚೆ ಏನಾಗುತ್ತದೆ ಅಂತ ಭರವಸೆ ಕೊಡಲಾರೆ." ಕೆಲವರು ಇದನ್ನು ಕೇಳಿ ಎದ್ದು ಹೋಗಿದ್ದಾರೆ. ಹೋಗಲಿ. ತಿಳಿದು ನಿರ್ಧಾರ ಮಾಡುವುದು ಅವರ ಹಕ್ಕು.

ಮೇಲ್ ಬರುವ ಮುಂಚೆಯೇ ದಾರಿ ಸಿದ್ಧವಿರಲಿ

2012ರ ಡಿಸೆಂಬರಿನಲ್ಲಿ ಗ್ಲೆನ್ ಗ್ರೀನ್‌ವಾಲ್ಡ್ ಎಂಬ ಪತ್ರಕರ್ತರಿಗೆ ಸಿನ್ಸಿನಾಟಸ್ ಎಂಬ ಹೆಸರಿನಿಂದ ಒಂದು ಮೇಲ್ ಬಂತು. ಪಿಜಿಪಿ ಹಾಕಿಕೊಳ್ಳಿ, ಹೇಳುವುದಿದೆ ಅಂತ. ಅವರು ಇವತ್ತು ನಾಳೆ ಅಂತ ಮುಂದೂಡಿದರು. ಬರೆದಿದ್ದವರು ಎಡ್ವರ್ಡ್ ಸ್ನೋಡೆನ್, ಅಮೆರಿಕದ ಗುಪ್ತಚರ ಸಂಸ್ಥೆಗೆ ಕೆಲಸ ಮಾಡುತ್ತಿದ್ದವರು. ಕೊನೆಗೆ ಸ್ನೋಡೆನ್ ಗೂಢಲಿಪಿ ಗೊತ್ತಿದ್ದ ಸಾಕ್ಷ್ಯಚಿತ್ರ ನಿರ್ದೇಶಕಿ ಲಾರಾ ಪಾಯಿಟ್ರಸ್ ಅವರನ್ನು ಹುಡುಕಿಕೊಂಡು ಹೋದರು. ಅಮೆರಿಕ ಜನರ ಫೋನ್ ದಾಖಲೆಗಳನ್ನು ಸಾರಾಸಗಟಾಗಿ ಸಂಗ್ರಹಿಸುತ್ತಿದೆ ಎಂಬ ಮೊದಲ ವರದಿ ಗಾರ್ಡಿಯನ್‌ನಲ್ಲಿ ಬಂದದ್ದು 2013ರ ಜೂನ್ 5ಕ್ಕೆ.

ನಮಗೆ ಪಿಜಿಪಿ ಕಲಿಯುವ ಅಗತ್ಯ ಇಲ್ಲ. ಫೋನಿನಲ್ಲಿ ಸಿಗ್ನಲ್ ಎಂಬ ಮೆಸೇಜ್ ಆ್ಯಪ್ ಹಾಕಿಕೊಳ್ಳಿ. 2024ರಿಂದ ಅದರಲ್ಲಿ ನಂಬರ್ ಕೊಡದೆ ಯೂಸರ್‌ನೇಮ್ ಕೊಟ್ಟರೆ ಸಾಕು. ಅದನ್ನು ನಿಮ್ಮ ಅಂಕಣದ ಕೆಳಗೆ ಹಾಕಿ. ಮೂಲದವರಿಗೆ ಹೇಳಬೇಕಾದ ಮಾತು ಒಂದೇ: ಆಫೀಸಿನ ಕಂಪ್ಯೂಟರ್, ಆಫೀಸಿನ ವೈಫೈ, ಆಫೀಸಿನ ಪ್ರಿಂಟರ್ ಮುಟ್ಟಬೇಡಿ.

ಯಾಕೆ ಅಂತ 2017ರ ಒಂದು ಕಥೆ ಹೇಳುತ್ತದೆ. ಅಮೆರಿಕದ ರಿಯಾಲಿಟಿ ವಿನ್ನರ್ ಎಂಬ ಗುತ್ತಿಗೆ ನೌಕರಳು ಒಂದು ಗುಪ್ತ ವರದಿಯನ್ನು ಪ್ರಿಂಟ್ ತೆಗೆದು ದಿ ಇಂಟರ್‌ಸೆಪ್ಟ್ ಎಂಬ ಸುದ್ದಿತಾಣಕ್ಕೆ ಅಂಚೆಯಲ್ಲಿ ಕಳಿಸಿದಳು. ಅಲ್ಲಿನ ವರದಿಗಾರರು ನಿಜವೋ ಸುಳ್ಳೋ ತಿಳಿಯಲು ಅದರ ಪ್ರತಿಯನ್ನು ಸರ್ಕಾರಕ್ಕೇ ತೋರಿಸಿದರು. ಪುಟದಲ್ಲಿ ಮಡಿಕೆಯ ಗುರುತಿತ್ತು. ಅಂದರೆ ಯಾರೋ ಪ್ರಿಂಟ್ ತೆಗೆದು ಹೊರಗೆ ಒಯ್ದಿದ್ದಾರೆ. ಯಾರು ಪ್ರಿಂಟ್ ತೆಗೆದರು ಅಂತ ನೋಡಿದರೆ ಆರು ಜನ. ಆ ಆರರಲ್ಲಿ ಒಬ್ಬಳು ಮಾತ್ರ ಅದೇ ಸುದ್ದಿತಾಣಕ್ಕೆ ಹಿಂದೊಮ್ಮೆ ಮೇಲ್ ಮಾಡಿದ್ದಳು. ಅವಳಿಗೆ 63 ತಿಂಗಳ ಶಿಕ್ಷೆ ಆಯಿತು. ಇದನ್ನು ಮೊದಲು ಓದಿದಾಗ ನನಗೆ ಆ ಉಡುಪಿ ಹೋಟೆಲು ನೆನಪಾಗಿ ತುಂಬ ಹೊತ್ತು ಬೇರೇನೂ ಮಾಡಲಾಗಲಿಲ್ಲ.

ಮೇಲ್ ಬಂದ ಮೇಲೆ

ಫಾರ್ವರ್ಡ್ ಗುಂಡಿ ಮುಟ್ಟಬೇಡಿ. ರಿಪ್ಲೈ ಕೂಡ ಬೇಡ. ವಿಷಯ ಮಾತ್ರ ಬೇರೆ ಕಡೆ ಟೈಪ್ ಮಾಡಿಕೊಳ್ಳಿ. ನಕಲು ಮಾಡಿ ಅಂಟಿಸಬೇಡಿ, ಕೈಯಾರೆ ಟೈಪ್ ಮಾಡಿ. ಸಮಯ ಹಿಡಿಯುತ್ತದೆ, ಆದರೆ ಟೈಪ್ ಮಾಡುವಾಗ ಪ್ರತಿ ಸಾಲೂ ಕಣ್ಣಿಗೆ ಬೀಳುತ್ತದೆ. "ನಮ್ಮ ಸೆಕ್ಷನ್‌ನಲ್ಲಿ", "ಮೊನ್ನೆ ಮೀಟಿಂಗಿಗೆ ನಾನೂ ಹೋಗಿದ್ದೆ" ಎಂಬಂಥ ಮಾತುಗಳು ಹೆಸರಿಲ್ಲದೆಯೂ ಗುರುತು ಹೇಳುತ್ತವೆ. ಅವು ಅಲ್ಲೇ ಉದುರಬೇಕು.

ಜೊತೆಗಿರುವ ಫೈಲುಗಳ ಬಗ್ಗೆ ಎರಡು ಎಚ್ಚರ. ಒಂದು, ತೆರೆಯುವ ಮುಂಚೆ. ಪುಣೆಯ ಎಲ್ಗಾರ್ ಪರಿಷತ್ ಪ್ರಕರಣ ನೆನಪಿರಬಹುದು. ಒಬ್ಬ ಆರೋಪಿಯ ಲ್ಯಾಪ್‌ಟಾಪ್ ಪರೀಕ್ಷೆ ಮಾಡಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ 2021ರಲ್ಲಿ ವರದಿ ಕೊಟ್ಟಿತು. 2016ರ ಜೂನಿನಲ್ಲಿ ಪರಿಚಿತರ ಖಾತೆಯಿಂದ ಬಂದ ಮೇಲಿನ ಫೈಲನ್ನು ತೆರೆದಾಗ ದೂರದಿಂದ ಆಡಿಸುವ ಪ್ರೋಗ್ರಾಮ್ ಒಳಗೆ ಬಂತು, ಆಮೇಲೆ ಮಾಲೀಕರಿಗೆ ಗೊತ್ತಿಲ್ಲದೆ ದಾಖಲೆಗಳನ್ನು ತುಂಬಲಾಯಿತು ಎಂದು ಅದು ಹೇಳಿತು. ತನಿಖಾ ಸಂಸ್ಥೆ ಇದನ್ನು ಒಪ್ಪಿಲ್ಲ. ವಾದ ಏನೇ ಇರಲಿ, ಗೊತ್ತಿರುವವರ ಹೆಸರಲ್ಲಿ ಬಂದ ಫೈಲೂ ಹಾಗೇ ತೆರೆಯುವಂಥದ್ದಲ್ಲ. "ಕಳಿಸಿದ್ದು ನೀವೇನಾ?" ಅಂತ ಬೇರೆ ದಾರಿಯಲ್ಲಿ ಕೇಳಿ. ಆಮೇಲೆ ಜಿಮೇಲಿನ ಪ್ರಿವ್ಯೂನಲ್ಲಿ ನೋಡಿ, ಡೌನ್‌ಲೋಡ್ ಬೇಡ.

ಇನ್ನೊಂದು, ಪ್ರಕಟಿಸುವ ಮುಂಚೆ. ವರ್ಡ್ ಫೈಲಿನಲ್ಲಿ ಬರೆದವರ ಹೆಸರು ಅಡಗಿ ಕೂತಿರುತ್ತದೆ. ಫೋಟೋದಲ್ಲಿ ತೆಗೆದ ಜಾಗದ ಗುರುತು ಇರಬಹುದು. 2012ರಲ್ಲಿ ವೈಸ್ ಪತ್ರಿಕೆ ತಲೆಮರೆಸಿಕೊಂಡಿದ್ದ ಆಂಟಿವೈರಸ್ ಉದ್ಯಮಿ ಜಾನ್ ಮೆಕಫಿಯ ಫೋಟೋ ಹಾಕಿದಾಗ, ಅವರು ಗ್ವಾಟೆಮಾಲಾದಲ್ಲಿ ಇದ್ದಾರೆಂದು ಜನ ಆ ಫೋಟೋದಿಂದಲೇ ಕಂಡುಹಿಡಿದರು. ಸ್ಕ್ಯಾನ್ ಮಾಡಿದ ಕಾಗದದಲ್ಲಿ ಜಾವಕ ನಂಬರ್, ಸೀಲು, ಅಂಚಿನಲ್ಲಿ ಪೆನ್ನಿನ ಟಿಪ್ಪಣಿ, ಕೆಲವು ಕಲರ್ ಪ್ರಿಂಟರ್‌ಗಳು ಬಿಡುವ ಕಣ್ಣಿಗೆ ಕಾಣದ ಹಳದಿ ಚುಕ್ಕಿಗಳು. ದಾಖಲೆಯ ಚಿತ್ರ ಹಾಕಿದರೆ ಪುಟ ಚೆಂದ ಕಾಣುತ್ತದೆ ಅಂತ ಡೆಸ್ಕು ಒತ್ತಾಯ ಮಾಡುತ್ತದೆ. ಬೇಡ ಅನ್ನಿ.

ಪ್ರತಿಕ್ರಿಯೆ ಕೇಳುವುದು ಧರ್ಮ, ಬಿಡುವಂತಿಲ್ಲ. ಕೇಳುವ ರೀತಿ ಮುಖ್ಯ. "ಮಾರ್ಚ್ 12ರ ನಿಮ್ಮ ಟಿಪ್ಪಣಿಯ ಮೂರನೇ ಪ್ಯಾರಾದಲ್ಲಿ ಹೀಗಿದೆ, ಏನಂತೀರಿ?" ಎಂದರೆ ಆ ಟಿಪ್ಪಣಿ ಕಂಡ ನಾಲ್ಕು ಜನ ಸಿಕ್ಕಿಬಿದ್ದಂತೆ. "ಈ ಗುತ್ತಿಗೆಯನ್ನು ಟೆಂಡರ್ ಕರೆಯದೆ ಕೊಡಲಾಗಿದೆಯೇ? ಕೊಟ್ಟಿದ್ದರೆ ಯಾವ ನಿಯಮದ ಪ್ರಕಾರ?" ಎಂದು ಕೇಳಿ. ಹೊಸ ಮೇಲ್ ತೆರೆದು ಕೇಳಿ. ಕಳಿಸುವ ಮುಂಚೆ ಕೆಳಗಿನ ತನಕ ಎಳೆದು ನೋಡಿ. ಸಾಧ್ಯವಾದರೆ ಅದೇ ಮಾಹಿತಿಯನ್ನು ಆರ್‌ಟಿಐ ಅರ್ಜಿ ಅಥವಾ ಇನ್ನೊಬ್ಬರ ಮೂಲಕವೂ ಪಡೆಯಿರಿ. ಆಗ ವರದಿ ಒಬ್ಬರ ಕುತ್ತಿಗೆಗೆ ಜೋತು ಬೀಳುವುದಿಲ್ಲ.

ಬೇರೆಯವರ ಮೇಲ್ ಅಚ್ಚು ಹಾಕಬಹುದಾ?

ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸುವುದು ಇದು. ಮೂಲದವರ ಖಾಸಗಿತನ ಕಾಯುವುದು ನಮಗೆ ಅರ್ಥವಾಗುತ್ತದೆ. ನಾವು ಯಾರ ವಿರುದ್ಧ ಬರೆಯುತ್ತೇವೋ ಅವರ ಖಾಸಗಿತನ?

2010ರ ನವೆಂಬರಿನಲ್ಲಿ ಓಪನ್ ಮತ್ತು ಔಟ್‌ಲುಕ್ ವಾರಪತ್ರಿಕೆಗಳು ದೊಡ್ಡ ಕಂಪನಿಗಳ ಪರ ಲಾಬಿ ಮಾಡುತ್ತಿದ್ದ ನೀರಾ ರಾಡಿಯಾ ಅವರ ಫೋನ್ ಮಾತುಕತೆ ಪ್ರಕಟಿಸಿದವು. ಅದನ್ನು ಕದ್ದಾಲಿಸಿದ್ದು ಆದಾಯ ತೆರಿಗೆ ಇಲಾಖೆ. ರತನ್ ಟಾಟಾ ಖಾಸಗಿತನದ ಹೆಸರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಮಂತ್ರಿ ಸ್ಥಾನ, ಲಾಬಿ, ಅದರಲ್ಲಿ ಪತ್ರಕರ್ತರ ಪಾತ್ರ, ಇದೆಲ್ಲ ಜನರಿಗೆ ತಿಳಿಯಬೇಕಾದದ್ದೇ. ಅದನ್ನು ಹಾಕಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಆ ಟೇಪುಗಳಲ್ಲಿ ಸುಮ್ನೆ ಹರಟೆಯೂ ಇತ್ತು. ಅದು ಯಾರಿಗೆ ಬೇಕಿತ್ತು? 2021ರ ಜನವರಿಯಲ್ಲಿ ಮುಂಬಯಿಯ ಟಿಆರ್‌ಪಿ (ಟಿವಿ ವೀಕ್ಷಕರ ಅಂಕಿ) ಕೇಸಿನ ಆರೋಪಪಟ್ಟಿಯ ಜೊತೆ ಟಿವಿ ಸಂಪಾದಕರೊಬ್ಬರ ವಾಟ್ಸ್‌ಆ್ಯಪ್ ಮಾತುಗಳು ನೂರಾರು ಪುಟ ಹೊರಬಂದಾಗಲೂ ಇದೇ ಪ್ರಶ್ನೆ. ಅವರು ನಮಗೆ ಆಗದವರು ಅಂತ ಖುಷಿಪಟ್ಟು ಎಲ್ಲ ಹಂಚಿದವರಲ್ಲಿ ಖಾಸಗಿತನದ ಪರ ಬರೆದವರೂ ಇದ್ದರು. ಅದು ನನಗೆ ನೋವು ತಂದಿತು.

ಹಾಗಾಗಿ ನಾನು ಹೀಗೆ ಮಾಡುತ್ತೇನೆ. ಸಾರ್ವಜನಿಕ ಹುದ್ದೆ ಅಥವಾ ಸಾರ್ವಜನಿಕ ಹಣಕ್ಕೆ ನೇರ ಸಂಬಂಧ ಇರುವ ಸಾಲು ಮಾತ್ರ ಇಟ್ಟುಕೊಳ್ಳುತ್ತೇನೆ. ಕಾಯಿಲೆ, ಮಕ್ಕಳು, ಮನೆ ವಿಳಾಸ, ನಡುವೆ ಬಂದುಹೋದ ಮೂರನೆಯವರ ಹೆಸರು ಎಲ್ಲ ಹೋಗುತ್ತದೆ. ಮೇಲನ್ನು ಹಾಗೇ ಅಚ್ಚು ಹಾಕದೆ ಸಾರ ಬರೆದರೆ ಸಾಕಾಗುತ್ತದಾ ಅಂತ ನೋಡುತ್ತೇನೆ. ಬಹಳ ಸಲ ಸಾಕಾಗುತ್ತದೆ.

ಮತ್ತೆ, ಈ ಮೇಲ್ ನನ್ನ ಕೈಗೆ ಕೊಟ್ಟವರು ಯಾರು? ಅನ್ಯಾಯ ಕಂಡು ಹೊರಗೆ ಹೇಳಿದ ನೌಕರರೋ, ಅಥವಾ ತನಿಖಾ ಸಂಸ್ಥೆಯವರೇ ಯಾರನ್ನೋ ಬೀಳಿಸಲು ಕೊಟ್ಟರೋ? ಎರಡನೆಯದಾದರೆ ಅದನ್ನು ಅಚ್ಚು ಹಾಕುವ ವರದಿಗಾರ ಕದ್ದಾಲಿಕೆಯ ಕೊನೆಯ ಕೊಂಡಿಯಾಗುತ್ತಾನೆ. ಅಂಥದ್ದು ನಾನು ಮುಟ್ಟುವುದಿಲ್ಲ. ಮುಟ್ಟಲೇಬೇಕಾದಷ್ಟು ದೊಡ್ಡ ವಿಷಯವಾದರೆ, ಇದು ತನಿಖೆ ಮಾಡುವವರ ಕಡೆಯಿಂದ ಬಂದದ್ದು ಎಂದು ವರದಿಯಲ್ಲೇ ಹೇಳಬೇಕು.

ನಮ್ಮ ಸಂಘ ಸಂಸ್ಥೆಗಳ ಜಗಳಕ್ಕೂ ಇದೇ ಅಳತೆ. ಚುನಾವಣೆ ಬಂತೆಂದರೆ ಕಮಿಟಿಯ ಮೇಲ್‌ಗಳು ಹೊರಗೆ ಬರುತ್ತವೆ. ಕಟ್ಟಡ ನಿಧಿಯ ಲೆಕ್ಕವಾದರೆ ಹಾಕಿ. ಕಾರ್ಯದರ್ಶಿ ಅಧ್ಯಕ್ಷರ ಸೊಸೆಯ ಬಗ್ಗೆ ಬರೆದದ್ದಾದರೆ ಬೇಡ.

2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯಲ್ಲಿ ಪತ್ರಿಕೋದ್ಯಮಕ್ಕೆ ಅಂತ ಪ್ರತ್ಯೇಕ ವಿನಾಯಿತಿ ಇಲ್ಲ. ಸಂಪಾದಕರ ಸಂಘಟನೆ ಎಡಿಟರ್ಸ್ ಗಿಲ್ಡ್ ಇದನ್ನು ಎತ್ತಿ ಹೇಳಿದೆ. ಹಾಗಾಗಿ ಯಾವ ಸಾಲನ್ನು ಯಾಕೆ ಇಟ್ಟಿರಿ, ಯಾವುದನ್ನು ಯಾಕೆ ಬಿಟ್ಟಿರಿ ಅಂತ ಒಂದು ಹಾಳೆಯಲ್ಲಿ ಬರೆದಿಡಿ.

ಖಾತೆಗೆ ಬೀಗ

ಇದು ಅರ್ಧ ಗಂಟೆಯ ಕೆಲಸ. ಗುಟ್ಟಿನ ಕೆಲಸಕ್ಕೆ ಬೇರೆಯೇ ಮೇಲ್ ಖಾತೆ ಇರಲಿ. ಎರಡನೇ ಹಂತದ ದೃಢೀಕರಣ ಎಸ್‌ಎಂಎಸ್ ಮೂಲಕ ಬೇಡ, ಪಾಸ್‌ಕೀ ಅಥವಾ ಆ್ಯಪ್ ಬಳಸಿ. ಗೂಗಲ್‌ನ ಅಡ್ವಾನ್ಸ್ಡ್ ಪ್ರೊಟೆಕ್ಷನ್ ಪತ್ರಕರ್ತರಂಥವರಿಗಾಗಿಯೇ ಇದೆ, ದುಡ್ಡಿಲ್ಲ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡಿ. ಪಾಸ್‌ವರ್ಡ್ ಬದಲಿಸಿದ ಮೇಲೂ ಯಾರೋ ಹಿಂದೆ ಹಾಕಿಟ್ಟ ಫಾರ್ವರ್ಡಿಂಗ್ ಹಾಗೇ ನಡೆಯುತ್ತಾ ಇರಬಹುದು. ಪಾಸ್‌ವರ್ಡ್ ಹಂಚಿಕೊಂಡು ಡ್ರಾಫ್ಟಿನಲ್ಲಿ ಬರೆದಿಟ್ಟರೆ ಯಾರಿಗೂ ಸಿಗುವುದಿಲ್ಲ ಅಂತ ಕೆಲವರು ಈಗಲೂ ಹೇಳುತ್ತಾರೆ. ಸಿಐಎ ಮುಖ್ಯಸ್ಥರಾಗಿದ್ದ ಡೇವಿಡ್ ಪೆಟ್ರೇಯಸ್ ಹಾಗೇ ಮಾಡಿದ್ದರು, 2012ರಲ್ಲಿ ಎಫ್‌ಬಿಐ ಕಂಡುಹಿಡಿಯಿತು.

ಪೊಲೀಸರ ನೋಟಿಸು ಬಂದರೆ

ವಕೀಲರ ನಂಬರ್ ಕಾಗದದ ಮೇಲೆ ಇರಲಿ, ಫೋನ್ ಕೈಯಲ್ಲಿ ಇರದೇ ಹೋಗಬಹುದು. ದಾಖಲೆ ಅಥವಾ ಸಾಧನ ತನ್ನಿ ಎಂಬ ನೋಟಿಸನ್ನು ಬರಹದಲ್ಲೇ ಕೇಳಿ. ಹೊಸ ದಂಡ ಪ್ರಕ್ರಿಯೆ ಸಂಹಿತೆಯ 94ನೇ ಸೆಕ್ಷನ್ ಅಡಿ ಅದು ಬರುತ್ತದೆ. ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕು ಎನ್ನುತ್ತದೆ 105ನೇ ಸೆಕ್ಷನ್. ಜಪ್ತಿ ಪಟ್ಟಿಯ ಪ್ರತಿ ಕೇಳಿ, ಪ್ರತಿ ಸಾಧನದ ಹ್ಯಾಶ್ ವ್ಯಾಲ್ಯೂ ಅದರಲ್ಲಿ ಬರೆಸಿ. ಸಾಧನದೊಳಗಿನ ಮಾಹಿತಿಯ ಬೆರಳಚ್ಚು ಇದ್ದ ಹಾಗೆ ಅದು, ಆಮೇಲೆ ಏನಾದರೂ ಸೇರಿಸಿದರೆ ಗೊತ್ತಾಗುತ್ತದೆ. ತಡೆಯಬೇಡಿ, ವಾದಕ್ಕೆ ಇಳಿಯಬೇಡಿ. ಪಾಸ್‌ವರ್ಡ್ ಕೇಳಿದರೆ ವಕೀಲರ ಜೊತೆ ಮಾತಾಡಿ ಹೇಳುತ್ತೇನೆ ಅನ್ನಿ. ನೋಟಿಸು ಬಂದ ಮೇಲೆ ಒಂದು ಮೇಲನ್ನೂ ಅಳಿಸಬೇಡಿ, ಅದು ಸಾಕ್ಷ್ಯನಾಶದ ಅಪರಾಧ. ಅಳಿಸುವುದೆಲ್ಲ ಮುಂಚೆಯೇ, ದಿನನಿತ್ಯದ ರೂಢಿಯಾಗಿ ಆಗಬೇಕು.

ಎಷ್ಟು ದಿನ ಇಟ್ಟುಕೊಳ್ಳಬೇಕು

ಮೂಲದವರ ಗುರುತು ಹೇಳುವ ಮೇಲ್, ಚಾಟ್, ಕರೆ ಪಟ್ಟಿ ವರದಿ ಮುಗಿದ ತಕ್ಷಣ ಹೋಗಲಿ. ಟ್ರ್ಯಾಶ್ ಕೂಡ ಖಾಲಿ ಮಾಡಿ. ಆದರೆ ವರದಿಗೆ ಆಧಾರವಾದ ದಾಖಲೆ ಬೇಕು. ಮಾನನಷ್ಟದ ಸಿವಿಲ್ ದಾವೆಗೆ ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷ ಅವಕಾಶ ಇರುತ್ತದೆ. ಅಲ್ಲಿಯ ತನಕ ಗುರುತು ತೆಗೆದ ಪ್ರತಿಯನ್ನು ಬೀಗ ಹಾಕಿದ ಪೆನ್‌ಡ್ರೈವಿನಲ್ಲಿ ಅಥವಾ ಲಕೋಟೆಯಲ್ಲಿ ಇಡಿ.

ವರದಿ ಬಂದ ದಿನ ಮೂಲದವರಿಗೆ ಫೋನ್ ಮಾಡಬೇಡಿ. ಎಲ್ಲರೂ ಆ ದಿನದ ಕರೆಗಳನ್ನೇ ನೋಡುತ್ತಾರೆ. ಕೆಲವು ವಾರ ಬಿಟ್ಟು ಎದುರಿಗೆ ಭೇಟಿಯಾಗಿ, ಏನಾದರೂ ತೊಂದರೆ ಆಯಿತಾ ಅಂತ ಕೇಳಿ. ದಾಖಲೆ ನಾಶ ಮಾಡುವ ಮುಂಚೆಯೂ ಕೇಳಿ. ಅದು ಅವರದ್ದು.

ಆ ಗುಮಾಸ್ತರ ಕಾಗದಗಳಿಗೆ ಮೂರು ವರ್ಷ ತುಂಬಿದ್ದು 2021ರ ಡಿಸೆಂಬರಿನಲ್ಲಿ. ಲಕೋಟೆ ತೆಗೆದುಕೊಂಡು ಡೊಂಬಿವಲಿಗೆ ಹೋದೆ. ಅವರು ಆಗಲೂ ಪಾಲ್ಘರ್‌ಗೇ ಓಡಾಡುತ್ತಿದ್ದರು. ಒಂದೊಂದೇ ಹಾಳೆ ನೋಡಿದರು. ಒಂದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಉಳಿದದ್ದನ್ನು ನನ್ನ ಕಡೆ ತಳ್ಳಿ, "ಹರಿದು ಹಾಕಿ ಮಾರಾಯ್ರೆ, ನಾನೂ ಹರೀತೇನೆ," ಎಂದರು. ಇಬ್ಬರೂ ಕೂತು ಹರಿದೆವು.